ಮನೆ ಬಿಟ್ಟರೂ ಮಗುವನ್ನು ಬಿಡದಿರೋಣ
(ಲಗ್ಗೆರೆಯಲ್ಲಿ ಕುಟುಂಬಗಳನ್ನುದ್ದೇಶಿಸಿ ಮಾಡಿದ ಭಾಷಣ)



ಪೀಣ್ಯದ ಕಾರ್ಖಾನೆಗಳನ್ನು ನಂಬಿ ಬದುಕುವ ಈ ಲಗ್ಗೆರೆಯಲ್ಲಿ ಒಂದೆರಡು ಕೋಣೆಗಳ ಬಾಡಿಗೆ ಮನೆಯೇ ಅನೇಕ ಕುಟುಂಬಗಳ ಆಸರೆ. ದಂಪತಿಗಳ ವಿರಸ ಮಿತಿಮೀರಿದಾಗ ಅಲ್ಲಿಂದ ಒಬ್ಬರು ಹೊರಡಲೇಬೇಕಾಗುತ್ತದೆ. 'ಹೊಸ್ತಿಲು ದಾಟಿದರೆ ಮಗು ಕೈತಪ್ಪಿತು' ಎಂಬ ಭಯದಿಂದ ಎಷ್ಟೋ ತಾಯಂದಿರು ಪೆಟ್ಟು ಸಹಿಸುತ್ತಾ ಉಳಿಯುತ್ತಾರೆ. ಕೆಲವರು ಮಗುವನ್ನು ರಾತ್ರೋರಾತ್ರಿ ಬೇರೆ ಊರಿಗೆ ಸಾಗಿಸುತ್ತಾರೆ.

ಮನೆ ಬಿಟ್ಟ ಮಾತ್ರಕ್ಕೆ ಮಗುವಿನ ಮೇಲಿನ ಹಕ್ಕು ಅಳಿಯುವುದಿಲ್ಲ. ಹನಫಿ ಫಿಕ್ಹ್ ಪ್ರಕಾರ ಗಂಡುಮಗುವಿಗೆ 7 ವರ್ಷ ತುಂಬುವವರೆಗೆ, ಹೆಣ್ಣುಮಗು ಪ್ರಾಯಕ್ಕೆ ಬರುವವರೆಗೆ ಹಝಾನತ್, ಅಂದರೆ ಪಾಲನೆ, ತಾಯಿಯದು, ತಂದೆ ವಲಿ. ಆದರೆ 1890ರ ಗಾರ್ಡಿಯನ್ಸ್ ಆ್ಯಂಡ್ ವಾರ್ಡ್ಸ್ ಕಾಯ್ದೆಯಡಿ ನ್ಯಾಯಾಲಯಕ್ಕೆ ಮಗುವಿನ ಹಿತವೇ ಮುಖ್ಯ. ಬೆಂಗಳೂರಿನ ಮುಸ್ಲಿಂ ಕುಟುಂಬವೊಂದರ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್, ಪೋಷಕತ್ವ ಬೇರೆ, ಪಾಲನೆ ಬೇರೆ ಎಂದು ಹೇಳಿ, ತಾಯಿಯನ್ನು ಕಳೆದುಕೊಂಡ ಮಕ್ಕಳನ್ನು ಮಧ್ಯಂತರವಾಗಿ ತಾಯಿಯ ಬಂಧುಗಳ ಬಳಿಯೇ ಉಳಿಸಿತು. ತಂದೆಯ ವಲಿ ಸ್ಥಾನವೊಂದೇ ಅಲ್ಲಿ ನಿರ್ಣಾಯಕವಾಗಲಿಲ್ಲ.

ಹಾಗಾದರೆ ಮಾಡಬೇಕಾದುದೇನು? ಹಿಂಸೆಯಿದ್ದರೆ ಮೊದಲು ಮಗುವಿನೊಂದಿಗೆ ಸುರಕ್ಷಿತ ಸ್ಥಳ ಸೇರಬೇಕು; ಮಹಿಳಾ ಸಹಾಯವಾಣಿ 181. ಕೌಟುಂಬಿಕ ಹಿಂಸೆ ತಡೆಯುವ 2005ರ ಕಾಯ್ದೆಯ 21ನೇ ಕಲಮಿನಡಿ ಮ್ಯಾಜಿಸ್ಟ್ರೇಟರು ಮಗುವಿನ ತಾತ್ಕಾಲಿಕ ಪಾಲನೆಯನ್ನು ಸಂತ್ರಸ್ತೆಗೆ ಒಪ್ಪಿಸಬಹುದು. ಹಿಂಸೆಯಿಲ್ಲದಿದ್ದರೆ, ಹೊರಡುವ ಮುನ್ನ ಮಗು ಯಾರ ಬಳಿ ಇರಬೇಕು, ಶಾಲೆ ಯಾವುದು, ಖರ್ಚು ಯಾರದು, ಭೇಟಿ ಎಂದು ಎಂಬುದನ್ನು ಬರೆದು ಇಬ್ಬರೂ ಸಹಿ ಹಾಕಲಿ. ಸಾಧ್ಯವಾದಷ್ಟು ಹತ್ತಿರದಲ್ಲೇ ಮನೆ ಹಿಡಿಯಲಿ. ಮಗುವಿನ ಶಾಲೆ ತಪ್ಪದಿರಲಿ. ಮಗುವನ್ನು ಬಿಟ್ಟು ಹೋದವರು ತಿಂಗಳುಗಟ್ಟಲೆ ಸುಮ್ಮನಿರಬಾರದು. ಮಗು ಒಗ್ಗಿಕೊಂಡ ವಾತಾವರಣವನ್ನು ಕದಲಿಸಲು ನ್ಯಾಯಾಲಯ ಹಿಂಜರಿಯುತ್ತದೆ. ಭೇಟಿ, ಫೋನು, ಖರ್ಚು ನಿಲ್ಲದಿರಲಿ. ತಡೆದರೆ ಕೌಟುಂಬಿಕ ನ್ಯಾಯಾಲಯದಲ್ಲಿ ಮಧ್ಯಂತರ ಆದೇಶ ಕೋರಲಿ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ.

ಜಮಾಅತ್‌ಗಳ ಹಿರಿಯರಲ್ಲಿ ನಮ್ಮದೊಂದು ವಿನಂತಿ. ಎರಡೂ ಕಡೆಯಿಂದ ಒಬ್ಬೊಬ್ಬ ಮಧ್ಯಸ್ಥರನ್ನು ನೇಮಿಸುವ ದಾರಿಯನ್ನು ಸೂರಃ ಅನ್ನಿಸಾ ನಮಗೆ ತೋರಿಸಿದೆ. ಮಗುವಿನ ನಿಮಿತ್ತ ತಾಯಿಯನ್ನಾಗಲಿ ತಂದೆಯನ್ನಾಗಲಿ ಪೀಡಿಸಬಾರದೆಂಬುದು ಸೂರಃ ಅಲ್‌ಬಕರದ ಆದೇಶ. ಆದರೆ ನಮ್ಮ ಪಂಚಾಯಿತಿಗಳಲ್ಲಿ ಮೆಹರ್, ಒಡವೆಗಳ ಲೆಕ್ಕ ಮುಗಿದ ಮೇಲಷ್ಟೇ ಮಗುವಿನ ನೆನಪಾಗುತ್ತದೆ. ಇನ್ನು ಮುಂದೆ ಮೊದಲ ಪ್ರಶ್ನೆ ಮಗುವಿನದಾಗಲಿ. ದಾಂಪತ್ಯ ಮುರಿಯಬಹುದು; ತಾಯ್ತನ, ತಂದೆತನಗಳಿಗೆ ತಲಾಖ್ ಇಲ್ಲ.