ಹಿಗ್ಗಿದ ನಾಳ, ಕುಗ್ಗಿದ ಹರಿವು



ಹೃದಯದ ಕಾಯಿಲೆ ಎಂದರೆ ನಾಳ ಬ್ಲಾಕ್ ಆಗುವುದು ಎಂದೇ ನಾವೆಲ್ಲ ತಿಳಿದಿದ್ದೇವೆ. ನಾಳ ಅಗಲವಾದರೂ ತೊಂದರೆ ಎಂದರೆ ಜನ ನಂಬುವುದಿಲ್ಲ. "ಅಗಲವಾದರೆ ರಕ್ತ ಸಲೀಸಾಗಿ ಹೋಗಬೇಕಲ್ಲ ಸಾರ್?" ಎನ್ನುತ್ತಾರೆ. ನ್ಯಾಯವಾದ ಪ್ರಶ್ನೆಯೇ.

ನಿಜ್ವಾದ ಫಲಜ್ ದಾರಿಸ್ ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಯುನೆಸ್ಕೊ 2006ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿದ ಐದು ಫಲಜ್‌ಗಳಲ್ಲಿ ಅದೂ ಒಂದು. ಇಂಥ ಕಾಲುವೆ ಕಿರಿದಾಗಿರುವಲ್ಲಿ ನೀರು ಓಡುತ್ತದೆ. ಅದೇ ನೀರು ಅಗಲವಾದ ಜಾಗಕ್ಕೆ ಬಂದರೆ ನಿಧಾನಿಸುತ್ತದೆ, ಸುಳಿ ತಿರುಗುತ್ತದೆ, ಹೂಳು ಕೂರುತ್ತದೆ. ನಮ್ಮೂರ ಅಡಿಕೆ ತೋಟದ ಕಾಲುವೆಯಲ್ಲೂ ಇದೇ ಕಥೆ. ಹೃದಯದ ನಾಳ ಪಕ್ಕದ ಸರಿಯಾದ ಭಾಗಕ್ಕಿಂತ ಒಂದೂವರೆ ಪಟ್ಟು ಅಥವಾ ಇನ್ನೂ ಹೆಚ್ಚು ಹಿಗ್ಗಿದರೆ ಅದನ್ನು ಕೊರೊನರಿ ಎಕ್ಟೇಸಿಯಾ ಎನ್ನುತ್ತೇವೆ. ಅಲ್ಲಿ ರಕ್ತ ನಿಧಾನವಾಗಿ ಹೆಪ್ಪುಗಟ್ಟಬಹುದು. ಆ ಹೆಪ್ಪಿನ ಚೂರು ಮುಂದಿನ ಸಣ್ಣ ಕವಲಿನಲ್ಲಿ ಸಿಕ್ಕಿಕೊಂಡರೆ ಹಾರ್ಟ್ ಅಟ್ಯಾಕ್.

ದೊಡ್ಡವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಇದು ಬರುವುದು ನಾಳದ ಗೋಡೆಯಲ್ಲಿ ಕೊಬ್ಬು ಕಟ್ಟುವ ಅದೇ ಹಳೆಯ ಕಾಯಿಲೆಯಿಂದ. ಸಿಗರೇಟು, ಬಿಪಿ ಅದಕ್ಕೆ ಜೊತೆಗಾರರು. ಮಕ್ಕಳಲ್ಲಿ ಮುಖ್ಯ ಕಾರಣ ಕವಾಸಾಕಿ ಕಾಯಿಲೆ. ಮಕ್ಕಳನ್ನು ಊರಲ್ಲಿ ಬಿಟ್ಟು ಬಂದವರು ಮನೆಗೆ ಫೋನಿನಲ್ಲಿ ಹೇಳಿಡಿ: ಐದು ದಿನವಾದರೂ ಇಳಿಯದ ಜ್ವರ, ಕೆಂಪು ಕಣ್ಣು, ಕೆಂಪು ತುಟಿ ನಾಲಿಗೆ, ಮೈಮೇಲೆ ದದ್ದು ಕಂಡರೆ ತಡಮಾಡಬಾರದು. ಮೊದಲ 10 ದಿನದೊಳಗೆ ಇಮ್ಯುನೊಗ್ಲಾಬ್ಯುಲಿನ್ ಕೊಟ್ಟರೆ ನಾಳ ಹಿಗ್ಗುವ ಸಂಭವ ಬಹಳ ಕಡಿಮೆಯಾಗುತ್ತದೆ.

ಇನ್ನು ನಮ್ಮ ರೂಮುಗಳ ವಿಷಯ. ಎದೆ ಹಿಡಿದರೆ "ಗ್ಯಾಸ್" ಎಂದು ಸೋಡಾ ಕುಡಿದು ಮಲಗುವವರೇ ಹೆಚ್ಚು. ಡ್ಯೂಟಿ ತಪ್ಪುತ್ತದೆ, ಬಿಲ್ಲು ಬರುತ್ತದೆ ಎಂಬ ಭಯ ನನಗೂ ಅರ್ಥವಾಗುತ್ತದೆ. ಆದರೂ ಎದೆ ಬಿಗಿತ, ಎಡಗೈ ಅಥವಾ ದವಡೆಗೆ ಹರಿಯುವ ನೋವು, ತಣ್ಣನೆಯ ಬೆವರು ಬಂದರೆ 9999ಕ್ಕೆ ಫೋನ್ ಮಾಡಿ. ಪಕ್ಕದ ಮಂಚದವರ ಮಾತ್ರೆ ನಾಲಿಗೆ ಕೆಳಗೆ ಇಟ್ಟುಕೊಳ್ಳಬೇಡಿ. ನಾಳ ಹಿಗ್ಗಿದವರಲ್ಲಿ ಕೆಲವರಿಗೆ ನೈಟ್ರೇಟ್ ಮಾತ್ರೆಯಿಂದ ನೋವು ಹೆಚ್ಚಾಗುವುದುಂಟು.

ಆಂಜಿಯೋಗ್ರಾಮ್ ಆದವರು ಅದರ ಸಿಡಿಯನ್ನು ಪಾಸ್‌ಪೋರ್ಟ್ ಜೊತೆಗೇ ಇಡಿ. ಎಕ್ಟೇಸಿಯಾ ಇದ್ದವರಿಗೆ ಆಸ್ಪಿರಿನ್, ಸ್ಟಾಟಿನ್ ಮಾತ್ರೆ ಸಾಮಾನ್ಯ, ಕೆಲವರಿಗೆ ರಕ್ತ ಹೆಪ್ಪುಗಟ್ಟದಂತೆ ಬೇರೆ ಔಷಧಿಯೂ ಬೇಕಾಗುತ್ತದೆ. ರಜೆಗೆ ಹೋಗಿ ಬೆಂಗಳೂರಿನ ಜಯದೇವದಲ್ಲಿ ತೋರಿಸಿದರೂ ವೈದ್ಯರು ಮೊದಲು ಕೇಳುವುದು ಆ ಹಳೆಯ ಚಿತ್ರವನ್ನೇ.