ತಲೆಯ ಮೇಲಿನ ಗುಡಿ, ಹೆಗಲ ಮೇಲಿನ ಗುಡಿ



ಇವತ್ತಿನ ವಿಷಯ 'ಪ್ರಾಚೀನ ಇಸ್ರೇಲರ ದೇವದರ್ಶನದ ಗುಡಾರ' ಅಂತ ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗಿದೆ. ಬೈಲಹೊಂಗಲದ ಸಂಜೆಗೆ ಇದೆಲ್ಲಿಯ ಮಾತು ಅಂತ ಕೆಲವರಿಗೆ ಅನ್ನಿಸಿರಬೇಕು. ಸೀನಾಯಿ ಮರುಭೂಮಿಗೆ ಹೋಗುವ ಮುಂಚೆ ಒಂದು ನಿಮಿಷ ನಮ್ಮ ಮನೆಯ ಕಟ್ಟೆಗೆ ಬನ್ನಿ.

ನಾನು ಹುಡುಗನಿದ್ದಾಗ ಬನದ ಹುಣ್ಣಿಮೆ ಹತ್ತಿರ ಬಂತೆಂದರೆ ಸವದತ್ತಿ ಗುಡ್ಡದ ಕಡೆ ಹೊರಟ ಜೋಗಮ್ಮಂದಿರು ಓಣಿಗೆ ಬರುತ್ತಿದ್ದರು. ಚೌಡಿಕೆಯ ಸದ್ದು ಮೊದಲು, ಹಿಂದೆ ತಲೆಯ ಮೇಲೆ ಜಗ. ಬಿದಿರ ಬುಟ್ಟಿ, ಅದರಲ್ಲಿ ಎಲ್ಲಮ್ಮನ ಮೂರ್ತಿ, ಸೀರೆ, ಕವಡೆ, ನವಿಲುಗರಿ, ಎಲ್ಲದರ ಮೇಲೂ ಭಂಡಾರ. ಅವ್ವ ಕಟ್ಟೆ ಸಾರಿಸಿ ಮಣೆ ಹಾಕಿದಳೆಂದರೆ ಜಗ ಅಲ್ಲಿ ಇಳಿಯುತ್ತಿತ್ತು. ಅಷ್ಟೇ, ನಮ್ಮ ಕಟ್ಟೆ ಗುಡಿಯಾಗುತ್ತಿತ್ತು. ಅರ್ಧ ತಾಸಿನ ಮೇಲೆ ಜಗ ಎದ್ದು ಹೋದರೆ ಅದು ಮತ್ತೆ ಬರೀ ಕಟ್ಟೆ. ನಾವು ಅದರ ಮೇಲೆ ಗೋಲಿ ಆಡುತ್ತಿದ್ದೆವು. ಒಮ್ಮೆ ಒಬ್ಬ ಜೋಗಮ್ಮ ರೊಟ್ಟಿ ಉಣ್ಣಲು ಕೂತಾಗ ತಲೆಯ ಸಿಂಬಿ ತೆಗೆದಿರಲಿಲ್ಲ. "ಸಿಂಬಿ ತಗದಿಟ್ಟು ಉಣ್ಣಬೇ" ಅಂದಳು ಅವ್ವ. "ಇರ್ಲಿ ಬಿಡಬೇ ಯವ್ವಾ, ಮತ್ತ ಹೊರಬೇಕಲ್ಲ" ಅಂದಳು ಆಕೆ.

ಗುಡಾರದ ಕತೆಯೂ ಹೊರುವ ಕತೆಯೇ. ಈಜಿಪ್ಟಿನ ಜೀತದಿಂದ ಹೊರಬಿದ್ದ ಜನ, ಇನ್ನೂ ಊರಿಲ್ಲ, ಹೊಲವಿಲ್ಲ. ಅವರು ತಮ್ಮ ದೇವರಿಗೆ ಕಟ್ಟಿದ್ದು ಬಿಚ್ಚಿ ಕಟ್ಟಲು ಬರುವ ಮನೆ. ಅದರ ಅಳತೆಗಳೆಲ್ಲ ಬೈಬಲ್ಲಿನ ವಿಮೋಚನಕಾಂಡದಲ್ಲಿವೆ, ಮೊಳದ ಲೆಕ್ಕದಲ್ಲಿ. ಮೊಳಕ್ಕೆ ಒಂದೂವರೆ ಅಡಿ ಹಿಡಿಯಿರಿ. ಅಂಗಳ 100 ಮೊಳ ಉದ್ದ, 50 ಮೊಳ ಅಗಲ. ನಮ್ಮ ರೈತರ ಲೆಕ್ಕದಲ್ಲಿ ಹತ್ತು ಗುಂಟೆ ಚಿಲ್ಲರೆ. ಸುತ್ತ ನಾರುಬಟ್ಟೆಯ ಪರದೆ, ಬಾಗಿಲು ಪೂರ್ವಕ್ಕೆ. ಒಳಗೆ ಬಲಿಪೀಠ, ಕೈಕಾಲು ತೊಳೆಯುವ ತಾಮ್ರದ ತೊಟ್ಟಿ. ಆಚೆಗೆ ಗುಡಾರ: 30 ಮೊಳ ಉದ್ದ, 10 ಅಗಲ, 10 ಎತ್ತರ. ನಡುವೆ ಪರದೆ. ಪರದೆಯ ಈಚೆ ಏಳು ಹಣತೆಯ ದೀಪಸ್ತಂಭ, ಹನ್ನೆರಡು ರೊಟ್ಟಿಯ ಮೇಜು, ಧೂಪವೇದಿಕೆ. ಆಚೆ ಮಹಾಪವಿತ್ರ ಸ್ಥಾನ, ಉದ್ದ, ಅಗಲ, ಎತ್ತರ ಎಲ್ಲಾ ಹತ್ತು ಮೊಳ. ಅಲ್ಲಿ ಒಡಂಬಡಿಕೆಯ ಮಂಜೂಷ, ಅದರ ಮುಚ್ಚಳದ ಮೇಲೆ ರೆಕ್ಕೆ ಚಾಚಿದ ಎರಡು ಕೆರೂಬಿಗಳು, ಅಂದರೆ ದೇವದೂತರ ಆಕೃತಿಗಳು. ಆ ರೆಕ್ಕೆಗಳ ನಡುವೆ ಮೂರ್ತಿ ಇಲ್ಲ, ಬಯಲು. ವರ್ಷಕ್ಕೊಂದು ದಿನ ಮಹಾಯಾಜಕನೊಬ್ಬನೇ ಅಲ್ಲಿಗೆ ಹೋಗುತ್ತಿದ್ದ.

ಮಂಜೂಷಕ್ಕೆ, ಗೋಡೆಯ ಹಲಗೆಗಳಿಗೆ ಬಳಸಿದ ಮರಕ್ಕೆ ಕನ್ನಡ ಬೈಬಲ್ಲಿನಲ್ಲಿರುವ ಹೆಸರು ಜಾಲಿ. ಅನುವಾದಕರು ದೂರ ಹುಡುಕಬೇಕಾಗಿರಲಿಲ್ಲ. ಸೀನಾಯಿಯ ಆ ಮರವೂ ನಮ್ಮ ಎರೆಹೊಲದ ಬದುವಿನ ಜಾಲಿಯೂ ಒಂದೇ ಬಳಗದವು. ನಾವು ಕೂರಿಗೆ, ಚಕ್ಕಡಿಗೆ ಕಡಿಯುವ ಮುಳ್ಳಿನ ಮರಕ್ಕೆ ಅವರು ಬಂಗಾರದ ತಗಡು ಹೊದಿಸಿದರು. ಛಾವಣಿ ನಾಲ್ಕು ಪದರ. ಒಳಗಿನದು ನೀಲಿ, ನೇರಳೆ, ಕಡುಗೆಂಪು ದಾರದಲ್ಲಿ ಕೆರೂಬಿಗಳನ್ನು ನೇಯ್ದ ನಾರುಬಟ್ಟೆ. ಅದರ ಮೇಲೆ ಆಡಿನ ಕೂದಲಿನ ಬಟ್ಟೆ. ಅದನ್ನು ನೂತವರು ಹೆಂಗಸರು ಅಂತ ಗ್ರಂಥವೇ ಹೇಳುತ್ತದೆ. ಮಳೆಯಲ್ಲಿ ಕಂಬಳಿ ಹೊದ್ದು ಕುರಿ ಕಾದವರಿಗೆ ಇದರ ಉಪಯೋಗ ನಾನು ಬಿಡಿಸಿ ಹೇಳಬೇಕಿಲ್ಲ: ಹಸಿಯಾದ ಕೂದಲು ಉಬ್ಬಿ ನೇಯ್ಗೆಯ ಸಂದು ಮುಚ್ಚುತ್ತದೆ. ಅದರ ಮೇಲೆ ಕೆಂಪು ಹಾಕಿದ ಟಗರಿನ ಚರ್ಮ, ಎಲ್ಲಕ್ಕೂ ಹೊರಗೆ ಮತ್ತೊಂದು ಒರಟು ಚರ್ಮ. ಹೊರಗಿನಿಂದ ನೋಡಿದವನಿಗೆ ಕಂಡದ್ದು ಆ ಚರ್ಮ ಮಾತ್ರ. ಚೆಲುವೆಲ್ಲ ಒಳಮುಖ. ಅಂಗಳದ ಕಂಬಗಳಿಗೆ ತಾಮ್ರದ ಕುಳಿ, ಗುಡಾರದ ಹಲಗೆಗಳಿಗೆ ಬೆಳ್ಳಿಯ ಕುಳಿ, ಒಳಗಿನ ಸಾಮಾನಿಗೆ ಬಂಗಾರ. ಗೋಪುರ ಎತ್ತರಿಸಿ ಹೊರಗೆ ಬಣ್ಣ ಬಳಿಯುವ ನಮ್ಮ ಇತ್ತೀಚಿನ ಗುಡಿ ಕಮಿಟಿಗಳು ಇದನ್ನು ಓದಬೇಕು ನೋಡ್ರಿ.

ಬೆಳ್ಳಿಯ ಮಾತು ಬಂತು. ಜಾತ್ರೆಗೆ ಪಟ್ಟಿ ಎತ್ತಿದವರು ಇಲ್ಲಿ ಬಹಳ ಜನ ಇದ್ದೀರಿ. ಯಾರು ಎಷ್ಟು ಬರೆಸಿದರು, ಯಾರ ಹೆಸರು ಮೊದಲು ಬಂತು ಅನ್ನುವುದರ ಮೇಲೆ ಎಷ್ಟು ಊರಲ್ಲಿ ಮಾತು ಬಿಟ್ಟಿಲ್ಲ? ಅಲ್ಲಿಯ ಪಟ್ಟಿ ತಲೆಗೆ ಅರ್ಧ ಶೆಕೆಲ್ ಬೆಳ್ಳಿ. ಸಾಹುಕಾರ ಹೆಚ್ಚು ಕೊಡುವಂತಿಲ್ಲ, ಬಡವ ಕಡಿಮೆ ಕೊಡುವಂತಿಲ್ಲ. ಎಣಿಸಿದ ಗಂಡಸರು 6,03,550 ಅಂತ ಗ್ರಂಥದ ಲೆಕ್ಕ. ಕೂಡಿದ ಬೆಳ್ಳಿ 100 ತಲಾಂತು ಮತ್ತು 1,775 ಶೆಕೆಲ್. ಆ ನೂರು ತಲಾಂತು ಎಲ್ಲಿಗೆ ಹೋಯಿತು? 48 ಹಲಗೆಗೆ ಎರಡೆರಡರಂತೆ 96 ಕುಳಿ, ಪರದೆಯ ಕಂಬಕ್ಕೆ 4, ಒಟ್ಟು ನೂರು ಕುಳಿಗೆ. ಅಂದರೆ ಇಡೀ ಗುಡಾರ ನಿಂತದ್ದು ಸಮಪಟ್ಟಿಯ ಮೇಲೆ. ಬಂಗಾರ, ಬಟ್ಟೆ, ಮರವೆಲ್ಲ ಮನಸ್ಸಿದ್ದವರ ಕಾಣಿಕೆ. ಅದು ಎಷ್ಟು ಬಂತೆಂದರೆ, ಕುಶಲಕರ್ಮಿಗಳಾದ ಬೆಚಲೇಲ, ಒಹೊಲೀಯಾಬರ ಕಡೆಯವರು ಮುಂದಾಳು ಮೋಶೆಯ ಹತ್ತಿರ ಹೋಗಿ ಸಾಕಪ್ಪಾ ಅಂದರು. ಇನ್ನು ತರಬೇಡಿ ಅಂತ ಪಾಳೆಯದಲ್ಲೆಲ್ಲ ಡಂಗುರ ಹೊಡೆಸಬೇಕಾಯಿತು.

ಇದೆಲ್ಲ ನಡೆದದ್ದೇ? ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕ್ರಿ.ಪೂ. 586ರ ಸುಮಾರಿಗೆ ಬಾಬಿಲೋನಿನವರು ಜೆರುಸಲೇಮಿನ ಕಲ್ಲಿನ ಗುಡಿ ಸುಟ್ಟ ಮೇಲೆ, ಗಡೀಪಾರಾದ ಪುರೋಹಿತರು ಈ ವಿವರಗಳಿಗೆ ರೂಪ ಕೊಟ್ಟರು ಎನ್ನುವವರಿದ್ದಾರೆ. ಕಾದೇಶ್ ಯುದ್ಧದ ಚಿತ್ರಗಳಲ್ಲಿ ಈಜಿಪ್ಟಿನ ದೊರೆ ಎರಡನೇ ರಾಮ್ಸೆಸ್‌ನ ದಂಡಿನ ಡೇರೆಗೂ ಇಂಥದ್ದೇ ಆಯದ ಅಂಗಳ, ಒಳಕೋಣೆ ಇವೆ, ಹಾಗಾಗಿ ಬೇರು ಹಳೆಯದು ಎನ್ನುವವರೂ ಇದ್ದಾರೆ. 1824ರಲ್ಲಿ ಕಿತ್ತೂರಿನ ಕೋಟೆಯ ಮುಂದೆ ಕಂಪನಿಯ ಡೇರೆಗಳನ್ನು ಕಂಡ ಸೀಮೆ ನಮ್ಮದು. ಡೇರೆ ಎಲ್ಲಿ ನಿಂತಿತೋ ಅಲ್ಲಿ ದರ್ಬಾರು ಅನ್ನುವುದು ನಮಗೆ ಗೊತ್ತು. ನನಗೆ ಎರಡೂ ವಾದ ಒಪ್ಪಿಗೆ. ಗುಡಿ ಕಳಕೊಂಡವರೇ ಹೊರುವ ಗುಡಿಯನ್ನು ಇಷ್ಟು ಅಕ್ಕರೆಯಿಂದ ಮೊಳ ಮೊಳ ಅಳೆದು ಬರೆದಾರು.

ಹೊರುವವರು ಯಾರು? ಲೇವಿ ಕುಲದವರು, ಹುಟ್ಟಿನಿಂದ. ನಾಡು ಸಿಕ್ಕಮೇಲೂ ಅವರಿಗೆ ಹೊಲದ ಪಾಲಿಲ್ಲ. ಅವರಲ್ಲಿ ಗೇರ್ಷೋನ್ಯರಿಗೆ ಬಟ್ಟೆ ಸಾಗಿಸಲು ಎರಡು ಬಂಡಿ, ನಾಲ್ಕು ಎತ್ತು. ಮೆರಾರೀಯರಿಗೆ ಹಲಗೆ, ಕಂಬಕ್ಕೆ ನಾಲ್ಕು ಬಂಡಿ, ಎಂಟು ಎತ್ತು. ಮಂಜೂಷ ಹೊರುವ ಕೆಹಾತ್ಯರಿಗೆ ಬಂಡಿಯೇ ಇಲ್ಲ, ಹೆಗಲೇ ಗತಿ, ಮುಟ್ಟಿದರೆ ಸಾವು. ನಮ್ಮಲ್ಲೂ ದೇವರು ಏರಿದ್ದು ಎಲ್ಲರ ತಲೆಯನ್ನಲ್ಲ. ಮುತ್ತು ಕಟ್ಟಿಸಿಕೊಂಡ ಬಡ ಹೆಣ್ಣುಮಕ್ಕಳ ತಲೆ ಅದು. ಹಾಗೆ ಮುತ್ತು ಕಟ್ಟುವುದನ್ನು ತಡೆಯಲು 1982ರಲ್ಲಿ ಕಾಯ್ದೆ ಬರಬೇಕಾಯಿತು. ಅದೇ ಜೋಗತಿ ಪರಂಪರೆಯ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ನನಗೆ ಸಂತೋಷವಾಯಿತು, ಕಣ್ಣೂ ಒದ್ದೆಯಾಯಿತು. ಜಗದ ಚೆಲುವನ್ನು ಹೊಗಳುವಾಗ ಕೆಳಗಿನ ಕುತ್ತಿಗೆ ಮರೆಯುವುದು ನಮಗೆ ಸುಲಭ.

ಮುಂದೆ ದಾವೀದ ಅರಸನಾಗಿ ಮಂಜೂಷವನ್ನು ರಾಜಧಾನಿಗೆ ತರಿಸಿದ. ಹೆಗಲ ನಿಯಮ ಬಿಟ್ಟು ಹೊಸ ಬಂಡಿಯ ಮೇಲೆ ಹೇರಿಸಿದ. ನಾಕೋನನ ಕಣದ ಹತ್ತಿರ ಎತ್ತು ಮುಗ್ಗರಿಸಿದವು. ಮಂಜೂಷ ಬೀಳದಿರಲಿ ಅಂತ ಬಂಡಿಯ ಜೊತೆಗಿದ್ದ ಉಜ್ಜ ಎಂಬವನು ಕೈ ಚಾಚಿ ಹಿಡಿದ, ಅಲ್ಲೇ ಸತ್ತ. ಚಕ್ಕಡಿ ಹೂಡಿಕೊಂಡು ಗುಡ್ಡಕ್ಕೆ ಹೋದ ಯಾರಿಗಾದರೂ ಉಜ್ಜನ ಮೇಲೆ ಮರುಕ ಬಂದೇ ಬರುತ್ತದೆ. ಎತ್ತು ಎಡವಿದರೆ ಕೈ ತಾನಾಗಿ ಹೋಗುತ್ತದೆ. ವಿಚಿತ್ರವೆಂದರೆ ಕೊನೆಗೆ ದಾವೀದನ ಮಗ ಸೊಲೊಮೋನ ಕಲ್ಲಿನ ಗುಡಿ ಕಟ್ಟಿದ ಜಾಗವೂ ಒಂದು ಕಣವೇ. ಅರೌನ ಎಂಬವನು ಗೋದಿ ತುಳಿಸುತ್ತಿದ್ದ ಕಣವನ್ನು ದಾವೀದ ದುಡ್ಡು ಕೊಟ್ಟು ಕೊಂಡಿದ್ದ. ಹಂತಿ ಕಟ್ಟುವ ನೆಲದಲ್ಲಿ ಅಲೆದಾಡಿದ ದೇವರು ನೆಲೆ ನಿಂತ.

ನಿಂತನೇ? ಮಂಜೂಷದ ನಾಲ್ಕು ಬಳೆಗಳಲ್ಲಿ ತೂರಿಸಿದ ಎರಡು ಹೊರುವ ಕೋಲುಗಳಿದ್ದವು, ಜಾಲಿಯವೇ. ಉಳಿದ ಸಾಮಾನಿಗೂ ಕೋಲುಗಳಿದ್ದವು, ಆದರೆ ಎಂದೂ ತೆಗೆಯಬಾರದು ಅಂತ ಅಪ್ಪಣೆಯಾದದ್ದು ಈ ಎರಡಕ್ಕೆ ಮಾತ್ರ. ಗಟ್ಟಿ ಕಲ್ಲಿನ ಗುಡಿ, ದೇವದಾರಿನ ಗೋಡೆ, ಇನ್ನೆಲ್ಲಿಗೂ ಹೋಗಬೇಕಿಲ್ಲದ ಕಾಲ. ಆಗಲೂ ಯಾಜಕರು ಕೋಲು ಎಳೆಯಲಿಲ್ಲ. ಅವು ಎಷ್ಟು ಉದ್ದವಿದ್ದವೆಂದರೆ ಗರ್ಭಗುಡಿಯ ಮುಂದೆ ನಿಂತವರಿಗೆ ಅವುಗಳ ತುದಿ ಕಾಣುತ್ತಿದ್ದವು ಅಂತ ಅರಸುಗಳ ಗ್ರಂಥ ಬರೆದಿದೆ. ಆ ಸಾಲು ಓದಿದಾಗಲೆಲ್ಲ ನನಗೆ ನಮ್ಮ ಕಟ್ಟೆ, ರೊಟ್ಟಿ ಮುರಿಯುತ್ತಿದ್ದ ಆ ಜೋಗಮ್ಮ, ಆಕೆಯ ತಲೆಯ ಮೇಲೇ ಇದ್ದ ಸಿಂಬಿ ಕಾಣುತ್ತವೆ.