ನೂಲದೆ ಉಟ್ಟ ನೀಲಿ

ಈ ವಾರ ಚಿಮ್ಮಡದ ಕಡೆ ಕಬ್ಬಿನ ಹೊಲದ ಬದುವಿನ ಮೇಲೆ ವಿಷ್ಣುಕ್ರಾಂತಿ ಅರಳಿತ್ತು. ಅಂಗಿಯ ಗುಂಡಿಗಿಂತ ಸಣ್ಣ ಹೂವು. ನಡೆದು ಹೋಗುವವರ ಕಣ್ಣಿಗೆ ಬೀಳುವುದಿಲ್ಲ, ಕುಕ್ಕರಗಾಲಿನಲ್ಲಿ ಕೂರಬೇಕು. ಕೂತರೆ ಕಾಣುತ್ತದೆ: ಎಸಳುಗಳೆಲ್ಲ ಒಂದಕ್ಕೊಂದು ಕೂಡಿಕೊಂಡು ಒಂದೇ ತಟ್ಟೆಯಾಗಿವೆ, ಅಂಚಿನಲ್ಲಿ ನೀಲಿ ತೆಳುವಾಗಿ, ನಡುವಿಗೆ ಬಂದಂತೆ ಬೆಳ್ಳಗೆ. ಬೆಳಿಗ್ಗೆ ಅರಳಿದ್ದು ಮಧ್ಯಾಹ್ನದ ಹೊತ್ತಿಗೆ ಮುದುಡಿರುತ್ತದೆ. ನಾಳೆ ಅರಳುವುದು ಬೇರೆ ಹೂವು. ರೈತನ ಲೆಕ್ಕದಲ್ಲಿ ಇದು ಕಸ. ಕುರ್ಚಿಗಿ ಬಂದರೆ ಹೋಯಿತು.

ಯೇಸು ಇಂಥದೊಂದು ಕಸದ ಹೂವನ್ನೇ ತೋರಿಸಿದ್ದು ಅಂತ ನನಗೆ ಅನಿಸುತ್ತದೆ. ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ಆ ಮಾತಿದೆ. ಊಟದ ಚಿಂತೆ, ಬಟ್ಟೆಯ ಚಿಂತೆ ಹೊತ್ತು ಕೂತ ಜನಕ್ಕೆ ಮೊದಲು ಹಕ್ಕಿಗಳನ್ನು ತೋರಿಸುತ್ತಾನೆ, ಆಮೇಲೆ ಹೊಲದ ಹೂವುಗಳನ್ನು. ಅವು ದುಡಿಯುವುದಿಲ್ಲ, ನೂಲುವುದಿಲ್ಲ. ಆದರೂ ಸೊಲೊಮೋನ ಅರಸನ ಉಡುಪು ಅವುಗಳ ಮುಂದೆ ಏನೂ ಅಲ್ಲ ಅನ್ನುವುದು ಅದರ ತಾತ್ಪರ್ಯ. ಅದು ಯಾವ ಹೂವಾಗಿತ್ತೋ, ಪಂಡಿತರು ಇನ್ನೂ ಚರ್ಚೆ ಮಾಡುತ್ತಾರೆ. ನಮ್ಮ ಕಡೆ ಹೇಳಿದ್ದರೆ ವಿಷ್ಣುಕ್ರಾಂತಿಯೇ ಆಗುತ್ತಿತ್ತೇನೋ. ಹೆಸರಿನಲ್ಲಿ ವಿಷ್ಣು ಇದ್ದಾನೆಂದು ಹೂವು ತಕರಾರು ಮಾಡುತ್ತಿರಲಿಲ್ಲ.

ಆದರೆ ನೂಲುವುದಿಲ್ಲ ಅನ್ನುವ ಮಾತನ್ನು ರಬಕವಿ-ಬನಹಟ್ಟಿಯ ಓಣಿಯಲ್ಲಿ ನಿಂತು ಓದಿ ನೋಡಿ. ಬೆಳಗಾಗುವುದೇ ಮಗ್ಗದ ಸಪ್ಪಳದಿಂದ. ಹಾಸು ಹೂಡುವವರು, ಕಂಡಿಕೆ ಸುತ್ತುವವರು, ಲಾಳಿ ನೋಡುವವರು, ಒಂದು ಮನೆಯಲ್ಲಿ ಸುಮ್ಮನೆ ಕೂತ ಕೈ ಇರುವುದಿಲ್ಲ. ಒಂದು ಸೀರೆಯ ನೀಲಿಗೆ ಎಷ್ಟು ಜನರ ಬೆನ್ನು ಬಾಗಿರುತ್ತದೆ ಅನ್ನುವುದು ಅವರಿಗೆ ಗೊತ್ತು. ಅಂಥವರ ಮುಂದೆ ನೂಲದೆ ನೇಯದೆ ಉಟ್ಟುಕೊಂಡ ಹೂವನ್ನು ಹೊಗಳುವುದಕ್ಕೆ ಧೈರ್ಯ ಬೇಕು.

ಆ ಧೈರ್ಯವನ್ನು ನಮ್ಮ ಜಿಲ್ಲೆಯಲ್ಲೇ ಕೆಲವರು ಮಾಡಿದ್ದರು. ಬಾಸೆಲ್ ಮಿಶನ್ನಿನವರು ಗುಳೇದಗುಡ್ಡಕ್ಕೆ ಬಂದದ್ದು 1851ರಲ್ಲಿ. ಖಣದ ಊರು, ನೇಕಾರರ ಊರು. ಅಲ್ಲಿ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವನಿಗೆ ಈ ಮಾತು ಮೊದಲ ಸಲ ಕಿವಿಗೆ ಬಿದ್ದಾಗ ಏನನಿಸಿತೋ! ಒಂದು ತಲೆಮಾರು ಕಳೆಯುವುದರೊಳಗೆ 1876ರಿಂದ 78ರ ಬರ ಬಂತು. ಆಗಿನ ಕಲಾದಗಿ ಜಿಲ್ಲೆ, ಅಂದರೆ ಇವತ್ತಿನ ನಮ್ಮ ಬಾಗಲಕೋಟೆ, ವಿಜಯಪುರದ ಸೀಮೆ, ಅದರಲ್ಲಿ ಬೆಂದುಹೋಯಿತು. ಜೋಳಕ್ಕೇ ದುಡ್ಡಿಲ್ಲದ ವರ್ಷ ಖಣ ಕೊಳ್ಳುವವರು ಯಾರು? ರೈತನ ಹಗೇವು ಬರಿದಾದರೆ ನೇಕಾರನ ಮಗ್ಗ ನಿಲ್ಲುತ್ತದೆ. ಹಕ್ಕಿಗಳಿಗೂ ಆ ವರ್ಷ ಕಾಳು ಸಿಕ್ಕಿರಲಿಕ್ಕಿಲ್ಲ, ಬದುವಿನ ಮೇಲೆ ಹೂವೂ ಇದ್ದಿರಲಿಕ್ಕಿಲ್ಲ. ಆಗ ಈ ಅಧ್ಯಾಯವನ್ನು ಹೇಗೆ ಓದಿದರು?

ಇದನ್ನು ಯೋಚಿಸುತ್ತ ಮತ್ತೆ ಪುಸ್ತಕ ತೆಗೆದರೆ ಅದರೊಳಗೇ ಒಲೆ ಇದೆ. ಇವತ್ತು ಹೊಲದಲ್ಲಿ ಇದ್ದು ನಾಳೆ ಒಲೆಗೆ ಹೋಗುವ ಹುಲ್ಲು ಅಂತಲೇ ಆ ಹೂವಿನ ಪರಿಚಯ. ಕಟ್ಟಿಗೆ ಕಡಿಮೆ ಇದ್ದ ಸೀಮೆ ಅದು, ಒಣಗಿದ ಹುಲ್ಲನ್ನೇ ಒಲೆಗೆ ಇಡುತ್ತಿದ್ದರು. ನಮ್ಮಲ್ಲಿ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ ಇಟ್ಟ ಹಾಗೆ. ಇನ್ನೊಂದು ಕಡೆ ಗುಬ್ಬಿಯ ಮಾತು ಬಂದಾಗಲೂ ಅಷ್ಟೇ. ಅದು ನೆಲಕ್ಕೆ ಬೀಳುವುದಿಲ್ಲ ಅಂತ ಯೇಸು ಹೇಳುವುದಿಲ್ಲ. ಬೀಳುತ್ತದೆ, ಆದರೆ ತಂದೆಗೆ ಗೊತ್ತಾಗದೆ ಬೀಳುವುದಿಲ್ಲ. ನಿಸರ್ಗವನ್ನು ನೋಡಿ ದೇವರನ್ನು ನಂಬಿರಿ ಎಂದು ಹೇಳುವ ನಮ್ಮಂಥವರು ಸಾಮಾನ್ಯವಾಗಿ ಒಲೆಯ ಮಾತನ್ನು ಬಿಟ್ಟುಬಿಡುತ್ತೇವೆ. ಅವನು ಬಿಡಲಿಲ್ಲ. ಲೆಬನೋನಿನ ದೇವದಾರು ಮರ ಅವನ ಜನಕ್ಕೆ ಗೊತ್ತಿದ್ದ ಮರ, ಅದನ್ನು ತೋರಿಸಬಹುದಿತ್ತು. ಅರ್ಧ ದಿನ ಬಾಳುವ ಹೂವಿಗೂ ಬಣ್ಣ ಹಾಕುವಾಗ ಕೈ ಹಿಡಿತ ಮಾಡದವನು ಅಂತ ತನ್ನ ತಂದೆಯನ್ನು ತೋರಿಸಬೇಕಾಗಿತ್ತು, ಅದಕ್ಕೆ ಮರ ಸಾಲುತ್ತಿರಲಿಲ್ಲ. ನಾಳೆಯ ಜಾಮೀನು ಇದರಲ್ಲಿ ಎಲ್ಲಿದೆ ಅಂತ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ಬನಹಟ್ಟಿಯಲ್ಲಿ ನನಗೆ ಪರಿಚಯದ ಒಬ್ಬ ಆಯಿ ಇದ್ದಾರೆ. ತವರು ಗುಳೇದಗುಡ್ಡ, ಅಜ್ಜನ ಕಾಲದಿಂದ ಕ್ರೈಸ್ತರು. ರಾಟಿ ತಿರುಗಿಸುತ್ತ ಕಂಡಿಕೆ ಸುತ್ತುತ್ತಿದ್ದರು. ಆಯಿ, ಹೂವು ನೂಲೂದಿಲ್ಲ ಅಂತ ಓದ್ತೀರಿ, ಮತ್ತ ಈ ರಾಟಿ ಯಾಕ ಅಂತ ಕೇಳಿದೆ. ಕೈ ನಿಲ್ಲಿಸಲಿಲ್ಲ. “ತಮ್ಮಾ, ಹೂವು ನೂಲೂದಿಲ್ಲ ಅಂದಾನ, ಖರೆ. ನೀವು ನೂಲಬ್ಯಾಡ್ರಿ ಅಂದಾನೇನು? ಚಿಂತಿ ಮಾಡಬ್ಯಾಡ್ರಿ ಅಂದಾನ. ಅದು ಬ್ಯಾರೆ, ಇದು ಬ್ಯಾರೆ.” ಸ್ವಲ್ಪ ಹೊತ್ತು ಬಿಟ್ಟು ಅವರೇ ಮುಂದುವರಿಸಿದರು. “ಹೂವಿಗೆ ಪ್ರಾರ್ಥನಾ ಕಲಿಸಿಲ್ಲ ನೋಡು, ನಮಗ ಕಲಿಸ್ಯಾನ.”

ನಿಜ, ಅದೇ ಅಧ್ಯಾಯದಲ್ಲಿ ಹೂವಿಗಿಂತ ಮೊದಲು ಆ ಪ್ರಾರ್ಥನೆ ಬರುತ್ತದೆ. ಅದರಲ್ಲಿ ಕೇಳುವುದು ಇವತ್ತಿನ ಅನ್ನವನ್ನು ಮಾತ್ರ. ತಿಂಗಳದ್ದಲ್ಲ, ವಾರದ್ದೂ ಅಲ್ಲ.

“ಆದ್ರ ಬಟವಡಿ ಶನಿವಾರ,” ಎಂದು ಆಯಿ ನಕ್ಕರು.

ನಡುವಿನ ದಿನಕ್ಕೆ ಏನ್ ಮಾಡ್ತೀರಿ ಎಂದೆ. “ಅಂಗಡ್ಯಾಗ ಉದ್ರಿ ಐತಲ್ಲ.” ಆ ಅಂಗಡಿಯವನು ಲಿಂಗ ಕಟ್ಟಿದವನು, ಮೂವತ್ತು ವರ್ಷದಿಂದ ಇವರ ಮನೆಗೆ ಇಲ್ಲ ಅಂದವನಲ್ಲವಂತೆ. ಅವನನ್ನು ಹಕ್ಕಿ ಮತ್ತು ಹೂವಿನ ಸಾಲಿನಲ್ಲಿ ಸೇರಿಸಬಹುದೋ ಏನೋ, ಯಾರಾದರೂ ಪಾದ್ರಿಗಳು ಸಿಕ್ಕರೆ ಕೇಳಬೇಕು.